ದಲ್ಲಾಳಿ ಬೇಡವಾದರೆ: ಕಟ್ಟೆ ಮಾತು, ಕಾಯ್ದೆ ಮಾತು

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಪೋಣಿಸಿಕೊಂಡು ಹೋಗುತ್ತದೆ ರಾಷ್ಟ್ರೀಯ ಹೆದ್ದಾರಿ 150ಎ. ಈ ದಾರಿಯ ಊರುಗಳಲ್ಲಿ ಪ್ಲಾಟು, ಹೊಲ, ಮನೆಯ ವ್ಯವಹಾರ ಕುದುರುವುದು ಹೆಚ್ಚಾಗಿ ಚಹಾದಂಗಡಿಯಲ್ಲೇ. ‘ಗಿರಾಕಿ ನಾ ತರ್ತೀನ್ರಿ, ಎರಡು ಪರ್ಸೆಂಟ್ ಕೊಡ್ರಿ’ ಅಂತಾನೆ ದಲ್ಲಾಳಿ. ಮಾಲೀಕ ಪಹಣಿಯ ಜೆರಾಕ್ಸ್ ಕೈಗಿಡುತ್ತಾನೆ. ತಿಂಗಳುಗಳು ಉರುಳುತ್ತವೆ. ಗಿರಾಕಿ ಬರುವುದಿಲ್ಲ, ದಲ್ಲಾಳಿ ಫೋನೂ ಎತ್ತುವುದಿಲ್ಲ. ಆಗ ಕಟ್ಟೆಯ ಮೇಲೆ ಕೂತವರೆಲ್ಲ ವಕೀಲರಾಗುತ್ತಾರೆ.

‘ಬರೆದುಕೊಟ್ಟಿಲ್ಲವಲ್ಲ, ಕರಾರೇ ಇಲ್ಲ ಬಿಡು’ ಎಂಬುದು ಅವರ ಮೊದಲ ತೀರ್ಪು. ಕಾಯ್ದೆ ಹಾಗೆ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 186 ಮತ್ತು 187ನೇ ಕಲಮುಗಳ ಪ್ರಕಾರ ಏಜೆಂಟನ ಅಧಿಕಾರ ಬಾಯಿಮಾತಿನಿಂದಲೂ ನಡವಳಿಕೆಯಿಂದಲೂ ಹುಟ್ಟುತ್ತದೆ. ದಲ್ಲಾಳಿ ತಂದ ಗಿರಾಕಿಗೇ ಬೆನ್ನ ಹಿಂದೆ ಮಾರಿ ‘ಅವನನ್ನು ಬಿಟ್ಟುಬಿಟ್ಟೆವು’ ಎಂದರೆ ಕಮಿಷನ್ನಿನ ತಗಾದೆ ತಪ್ಪದು.

ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಅಷ್ಟೇ ಗಟ್ಟಿ: ಒಮ್ಮೆ ಒಪ್ಪಿಸಿದರೆ ಮಾರಾಟವಾಗುವ ತನಕ ಬಿಡಿಸುವಂತಿಲ್ಲ. ಬಿಡಿಸಬಹುದು. ಏಜೆಂಟ್ ತನ್ನ ಅಧಿಕಾರ ಚಲಾಯಿಸುವ ಮೊದಲು ಅದನ್ನು ಹಿಂಪಡೆಯಲು 203ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಇಂತಿಷ್ಟು ಅವಧಿಗೆ ಎಂದು ಒಪ್ಪಿಕೊಂಡು, ತಕ್ಕ ಕಾರಣವಿಲ್ಲದೆ ನಡುವೆ ಕೈಬಿಟ್ಟರೆ ಪರಿಹಾರ ಕೊಡಬೇಕಾದೀತು. ನ್ಯಾಯವಾದ ಮುನ್ಸೂಚನೆಯೂ ಬೇಕು. ರದ್ದತಿ ಊರ್ಜಿತವಾಗುವುದು ಏಜೆಂಟನಿಗೆ ತಿಳಿದಾಗ. ಅವನನ್ನು ನಂಬಿ ವ್ಯವಹರಿಸುವ ಮೂರನೆಯವರ ಮಟ್ಟಿಗೆ, ಅವರಿಗೆ ತಿಳಿದಾಗ. ಹಾಗಾಗಿ ಸಿಟ್ಟಿನಲ್ಲಿ ನಂಬರ್ ಬ್ಲಾಕ್ ಮಾಡಿ ಕೂರುವುದು ಜಾಣತನವಲ್ಲ. ದಿನಾಂಕ, ಸರ್ವೆ ನಂಬರು ಹಾಕಿದ ಎರಡು ಸಾಲಿನ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಎತ್ತಿಟ್ಟುಕೊಳ್ಳಬೇಕು, ಅದೇ ಒಕ್ಕಣೆಯನ್ನು ವಾಟ್ಸಾಪಿಗೂ ಹಾಕಬೇಕು.

ನಿಜವಾದ ತೊಡಕು ಇರುವುದು ಜಿಪಿಎಯಲ್ಲಿ, ಅಂದರೆ ಮಾಲೀಕನ ಪರವಾಗಿ ವ್ಯವಹರಿಸಲು ಬರೆದುಕೊಡುವ ಸಾಮಾನ್ಯ ಅಧಿಕಾರ ಪತ್ರದಲ್ಲಿ (ಜನರಲ್ ಪವರ್ ಆಫ್ ಅಟಾರ್ನಿ). ‘ರದ್ದುಪಡಿಸಲಾಗದ’ ಎಂದು ಛಾಪಾ ಕಾಗದದ ಮೇಲೆ ಬರೆಸಿಬಿಟ್ಟರೆ ಮಾಲೀಕನ ಕೈ ಕಟ್ಟಿಹೋಯಿತು ಎಂದು ಬಹಳ ಜನ ತಿಳಿದಿದ್ದಾರೆ. ಬೆಂಗಳೂರಿನ ಚುಂಚಘಟ್ಟದ ಸೈಟೊಂದರ ಪ್ರಕರಣ ಈ ನಂಬಿಕೆಯನ್ನು ಒಡೆಯಿತು. 1986ರಲ್ಲಿ ಮಾಲೀಕರು ಕ್ರಯದ ಕರಾರಿನ ಜೊತೆ ಅಂಥದೇ ಜಿಪಿಎ ಬರೆದುಕೊಟ್ಟಿದ್ದರು. 1997ರಲ್ಲಿ ಅವರು ತೀರಿಕೊಂಡರು. ಮರುವರ್ಷ ಜಿಪಿಎ ಹಿಡಿದವರು ಅದರ ಬಲದ ಮೇಲೆ ಸೈಟನ್ನು ತಮ್ಮ ಮಗನಿಗೇ ನೋಂದಣಿ ಮಾಡಿಕೊಟ್ಟರು. 2025ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ: ತಲೆಬರಹ ಏನೇ ಇರಲಿ, ಏಜೆಂಟನಿಗೆ ಆ ಸ್ವತ್ತಿನಲ್ಲೇ ಹಿತಾಸಕ್ತಿ ಇಲ್ಲದಿದ್ದರೆ ಅಧಿಕಾರ ಮಾಲೀಕನ ಸಾವಿನೊಂದಿಗೇ ಮುಗಿಯಿತು. ಬರೀ ಕಮಿಷನ್ ಆಸೆ ಅಂಥ ಹಿತಾಸಕ್ತಿ ಎನಿಸದು. ಜಿಪಿಎ ನೋಂದಣಿಯಾಗಿದ್ದರೆ ರದ್ದತಿ ಪತ್ರವನ್ನೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಹಿಡಿದವನಿಗೆ ನೋಟಿಸ್ ಕೊಡುವುದೇ ಸುರಕ್ಷಿತ ದಾರಿ. ನಿರಾಳವಾಗಿ ಸಹಿ ಹಾಕಿ ಆಮೇಲೆ ಒದ್ದಾಡುವುದಕ್ಕಿಂತ ದಲ್ಲಾಳಿಗೆ ಜಿಪಿಎ ಕೊಡದಿರುವುದೇ ಮೇಲು.

ದಲ್ಲಾಳಿ ಏನೇ ಮಾಡಲಿ, ಕಮಿಷನ್ ಕೊಡಲೇಬೇಕೆ? ಇಲ್ಲ. ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟನಿಗೆ ಆ ಭಾಗದ ಸಂಭಾವನೆ ಇಲ್ಲ ಎನ್ನುತ್ತದೆ 220ನೇ ಕಲಂ. 215ನೇ ಕಲಮಿನ ಕೆಳಗಿರುವ ಉದಾಹರಣೆಯನ್ನಂತೂ ಹಟ್ಟಿ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲ್ಲೂಕಿನವರು ಓದಲೇಬೇಕು: ಮಾರಿಕೊಡಲು ಒಪ್ಪಿಸಿದ ಜಮೀನಿನಲ್ಲಿ ಗಣಿ ಕಂಡ ಏಜೆಂಟ್, ಅದನ್ನು ಮುಚ್ಚಿಟ್ಟು ತಾನೇ ಕೊಂಡರೆ ಮಾಲೀಕ ಆ ಮಾರಾಟವನ್ನು ತಳ್ಳಿಹಾಕಬಹುದು.

‘ರೇರಾಗೆ ಒಂದು ಅರ್ಜಿ ಗುಜರಾಯಿಸಿದರೆ ಆಯಿತು’ ಎಂಬ ಮಾತು ಈಚಿನದು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಡಿ ಏಜೆಂಟ್ ನೋಂದಣಿ ಮಾಡಿಸಬೇಕಾದದ್ದು ನೋಂದಾಯಿತ ಲೇಔಟ್, ಅಪಾರ್ಟ್‌ಮೆಂಟ್ ಯೋಜನೆಗಳ ಮಾರಾಟಕ್ಕೆ. ನೋಂದಣಿ ಇಲ್ಲದೆ ಅಲ್ಲಿ ಪ್ಲಾಟ್ ಮಾರಿಸಿದರೆ ದಂಡ ದಿನಕ್ಕೆ ₹10,000. ಸಿಂಧನೂರಿನ ಹಳೆಯ ಮನೆಗೋ ಮಸ್ಕಿಯ ಹೊಲಕ್ಕೋ ಗಿರಾಕಿ ಹುಡುಕುವವನು ಈ ಲೆಕ್ಕಕ್ಕೆ ಬರುವುದಿಲ್ಲ. ಅವನೊಂದಿಗಿನ ಜಗಳಕ್ಕೆ ಸಿವಿಲ್ ಕೋರ್ಟಿದೆ. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾಗಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗವೂ ಇದೆ.