ವೈದ್ಯವಿದ್ಯೆ ಊರಿನ ಮಾತಿಗೆ ಇಳಿದಾಗ

ಲಂಡನ್ನಿನ ಶ್ರೀಮಂತ ವರ್ತಕ ಸರ್ ಥಾಮಸ್ ಗ್ರೆಶಮ್ 1579ರಲ್ಲಿ ತೀರಿಕೊಂಡ. ಅವನ ಉಯಿಲಿನಲ್ಲಿ ಒಂದು ಅಪರೂಪದ ಷರತ್ತಿತ್ತು. ಹೆಂಡತಿಯ ಕಾಲಾನಂತರ ತನ್ನ ದೊಡ್ಡ ಮನೆಯಲ್ಲಿ ಏಳು ಪ್ರಾಧ್ಯಾಪಕರು ಊರಿನ ಜನರಿಗೆ ಉಚಿತವಾಗಿ ಉಪನ್ಯಾಸ ನೀಡಬೇಕು; ಅವರ ಸಂಬಳ ತಾನು ಕಟ್ಟಿಸಿದ ರಾಯಲ್ ಎಕ್ಸ್‌ಚೇಂಜ್ ಎಂಬ ವ್ಯಾಪಾರ ಕೇಂದ್ರದ ಆದಾಯದಿಂದ ಸಲ್ಲಬೇಕು. ಆಗ ಇಂಗ್ಲೆಂಡಿನಲ್ಲಿ ಇದ್ದದ್ದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎಂಬ ಎರಡೇ ವಿಶ್ವವಿದ್ಯಾನಿಲಯಗಳು. ಲಂಡನ್ನಿಗೆ ಆ ಭಾಗ್ಯವಿರಲಿಲ್ಲ. 1597ರಲ್ಲಿ ಗ್ರೆಶಮ್ ಕಾಲೇಜಿನ ಉಪನ್ಯಾಸಗಳು ಆರಂಭವಾದವು. ಏಳು ವಿಷಯಗಳಲ್ಲಿ ವೈದ್ಯವೂ ಒಂದು.

ಅಲ್ಲಿ ಪಾಠ ಲ್ಯಾಟಿನ್ನಿನಲ್ಲೂ ನಡೆಯಬೇಕಿತ್ತು, ಇಂಗ್ಲಿಷಿನಲ್ಲೂ ನಡೆಯಬೇಕಿತ್ತು. ಲ್ಯಾಟಿನ್ ವಿದ್ವಾಂಸರ ಭಾಷೆ. ಇಂಗ್ಲಿಷ್ ಅಂಗಡಿ ಬೀದಿಯ ಭಾಷೆ. ತನ್ನ ದೇಹದ ವಿಚಾರವನ್ನು ತನ್ನ ಮಾತಿನಲ್ಲೇ ಕೇಳುವ ಹಕ್ಕು ಸಾಮಾನ್ಯನಿಗೂ ಉಂಟು ಎಂಬುದನ್ನು ಈ ಏರ್ಪಾಡು ಒಪ್ಪಿಕೊಂಡಿತ್ತು.

ನಮ್ಮಲ್ಲಿ ಇಂಥ ಪ್ರಯತ್ನ ನಡೆದದ್ದು 1930ರ ದಶಕದಲ್ಲಿ. ಕಾಲೇಜಿನ ತರಗತಿಗಳಲ್ಲಿ ಇಂಗ್ಲಿಷ್ ಆಳುತ್ತಿದ್ದಾಗಲೇ ಮೈಸೂರು ವಿಶ್ವವಿದ್ಯಾನಿಲಯ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿತು. ಅಧ್ಯಾಪಕರು ಊರುಗಳಿಗೆ ಹೋಗಿ ಮಾತನಾಡಿದರು. ಆ ಮಾತುಗಳು ಅಗ್ಗದ ಬೆಲೆಯ ಪುಟ್ಟ ಪುಸ್ತಕಗಳಾಗಿ ಅಚ್ಚಾದವು. ಸಾಹಿತ್ಯ, ವಿಜ್ಞಾನಗಳ ಜೊತೆಗೆ ಆರೋಗ್ಯಕ್ಕೂ ಅವುಗಳಲ್ಲಿ ಜಾಗವಿತ್ತು.

ಅಮೆರಿಕದ ಡೆನ್ವರಿನಲ್ಲಿ ಇದೇ ವಿಚಾರ ಬೇರೊಂದು ರೂಪ ತಾಳಿತು. ಕೊಲರಾಡೊ ವಿಶ್ವವಿದ್ಯಾನಿಲಯದ ರೋಗನಿರೋಧ ವಿಜ್ಞಾನಿ ಜಾನ್ ಕೋಹೆನ್ 1989ರಲ್ಲಿ ‘ಮಿನಿ ಮೆಡಿಕಲ್ ಸ್ಕೂಲ್’ ಆರಂಭಿಸಿದರು. ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅಧ್ಯಾಪಕರೇ ಸಂಜೆ ಹೊತ್ತು ಊರಿನವರಿಗೂ ಪಾಠ ಹೇಳಿದರು. ಪರೀಕ್ಷೆಯ ಕಾಟವಿಲ್ಲ. ಮುಂದೆ ಅನೇಕ ವೈದ್ಯ ಕಾಲೇಜುಗಳು ಈ ಮಾದರಿಯನ್ನು ಅನುಸರಿಸಿದವು.

ಇಂಥ ಸಭೆಗೆ ಬರುವವರೆಲ್ಲ ಬರಿಯ ಕುತೂಹಲದಿಂದ ಬರುವುದಿಲ್ಲ. ಒಬ್ಬರಿಗೆ ತಮ್ಮದೇ ಕಾಯಿಲೆ, ಇನ್ನೊಬ್ಬರಿಗೆ ಮನೆಯವರ ಚಿಂತೆ. ಹೊಸ ಔಷಧಿ ಬಂದಿದೆಯೇ ಎಂಬ ಆಸೆ. ಉಪನ್ಯಾಸಕಾರನ ಹೊಣೆ ಹೆಚ್ಚುವುದು ಇಲ್ಲಿಯೇ. ಇಲಿಯ ಮೇಲೆ ಫಲಿಸಿದ ಮದ್ದು ಮನುಷ್ಯನ ಮೇಲೆ ಫಲಿಸಬೇಕೆಂದಿಲ್ಲ. ಕಾಯಿಲೆಯ ಅಪಾಯ ‘ಅರ್ಧಕ್ಕೆ ಇಳಿಯಿತು’ ಎಂದರೆ ದೊಡ್ಡ ಸುದ್ದಿ. ಅದು 1000 ಜನರಲ್ಲಿ 2 ಇದ್ದದ್ದು 1ಕ್ಕೆ ಇಳಿದದ್ದಿರಬಹುದು. ಎರಡೂ ನಿಜವೇ. ಆದರೆ ಎರಡನೆಯದನ್ನು ಹೇಳದೆ ಮೊದಲನೆಯದನ್ನಷ್ಟೇ ಹೇಳಿದರೆ ಕೇಳುಗ ದಾರಿ ತಪ್ಪುತ್ತಾನೆ.

ಕೋವಿಡ್ ಕಾಲ ಇದಕ್ಕೆ ಒಳ್ಳೆಯ ನಿದರ್ಶನ. 2020ರ ಏಪ್ರಿಲ್ 30ರಂದು ಗ್ರೆಶಮ್ ಕಾಲೇಜಿನ ಆಗಿನ ವೈದ್ಯ ಪ್ರಾಧ್ಯಾಪಕ ಕ್ರಿಸ್ ವಿಟ್ಟಿ ಕೋವಿಡ್ ಕುರಿತು ಸಾರ್ವಜನಿಕ ಉಪನ್ಯಾಸ ನೀಡಿದರು. ಅವರು ಆಗ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿಯೂ ಆಗಿದ್ದರು. ಆ ದಿನಗಳಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯ ಮೇಲೆ ಜಗತ್ತಿನ ಕಣ್ಣಿತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ನಡೆಸಿದ ‘ರಿಕವರಿ’ ಪ್ರಯೋಗದಲ್ಲಿ, ಆಸ್ಪತ್ರೆ ಸೇರಿದ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಜೂನ್ ಆರಂಭದಲ್ಲಿ ಗೊತ್ತಾಯಿತು. ಅದೇ ತಿಂಗಳು, ಅಗ್ಗದ ಹಳೆಯ ಔಷಧಿ ಡೆಕ್ಸಾಮೆಥಾಸೋನ್ ಕೃತಕ ಉಸಿರಾಟದಲ್ಲಿದ್ದವರ ಸಾವನ್ನು ಸುಮಾರು ಮೂರನೆಯ ಒಂದು ಭಾಗ ತಗ್ಗಿಸುತ್ತದೆಂದು ಅದೇ ಪ್ರಯೋಗ ತೋರಿಸಿತು. ಆಮ್ಲಜನಕದ ಅಗತ್ಯವಿಲ್ಲದ ರೋಗಿಗಳಿಗೆ ಮಾತ್ರ ಅದರಿಂದ ಲಾಭ ಕಾಣಲಿಲ್ಲ.

ಏಪ್ರಿಲಿನಲ್ಲಿ ಗೊತ್ತಿರದಿದ್ದುದು ಜೂನಿನಲ್ಲಿ ಗೊತ್ತಾಯಿತು. ಇದನ್ನು ಕಂಡ ಕೆಲವರು ‘ಡಾಕ್ಟರುಗಳು ದಿನಕ್ಕೊಂದು ಮಾತು ಹೇಳುತ್ತಾರೆ’ ಎಂದು ದೂರುವುದುಂಟು. ಸಂಶೋಧನೆ ಸಾಗುವ ಬಗೆಯನ್ನು ತಿಳಿದವರಿಗೆ ಮಾತು ಬದಲಾದದ್ದು ಮೋಸವಾಗಿ ಕಾಣುವುದಿಲ್ಲ. ಪುರಾವೆ ಬಂದ ಮೇಲೆ ತಿಳಿವು ಬದಲಾಗಲೇಬೇಕು. ಈ ತಿಳಿವಳಿಕೆ ಇಲ್ಲದಲ್ಲಿ ಅನುಮಾನ ಬೆಳೆಯುತ್ತದೆ, ಅನುಮಾನದ ಬೆನ್ನಿಗೆ ನಕಲಿ ಮದ್ದು ಮಾರುವವರು ಬರುತ್ತಾರೆ.

ಹಾಗಾಗಿ ಇಂಥ ಉಪನ್ಯಾಸಗಳಿಂದ ಜನ ಮನೆಗೆ ಒಯ್ಯಬೇಕಾದದ್ದು ಮದ್ದಿನ ಹೆಸರನ್ನಲ್ಲ, ಕೇಳಬೇಕಾದ ಪ್ರಶ್ನೆಗಳನ್ನು. ಇದನ್ನು ಎಷ್ಟು ಜನರ ಮೇಲೆ ಪರೀಕ್ಷಿಸಿದರು? ಯಾವುದಕ್ಕೆ ಹೋಲಿಸಿದರು? ಯಾರಿಗೆ ಉಪಯೋಗವಾಯಿತು, ಯಾರಿಗೆ ಆಗಲಿಲ್ಲ? ಕನ್ನಡದಲ್ಲಿ ಇವನ್ನು ಕೇಳಲು ಬರಬೇಕಾದರೆ ಮೊದಲು ಯಾರಾದರೂ ಕನ್ನಡದಲ್ಲಿ ಹೇಳಿಕೊಡಬೇಕು.