ಅಜ್ಜಿಯ ನೆಲುವು

ಗೃಹಾಲಂಕಾರವೆಂದರೆ ಪೇಟೆಯ ಸಾಮಾನೆಂದೇ ನಾನು ಬಗೆದಿದ್ದೆ. ಅರಕಲಗೂಡಿನ ನಮ್ಮಜ್ಜಿಯ ಅಡಿಗೆಮನೆಯಲ್ಲಿ ಬೆಕ್ಕಿಗೆಟುಕದಂತೆ ಮೊಸರಿನ ಗಡಿಗೆ ಹೊತ್ತಿದ್ದ ನೆಲುವು ಈಗ ಹಾಸನದ ನನ್ನ ಕೊಠಡಿಯಲ್ಲಿ ಹೂಕುಂಡ ಹೊತ್ತು ತೂಗುತ್ತಿದೆ.

ಅದು ಕತ್ತಾಳೆ ನಾರಿನದು. ಅಮೆರಿಕ ಖಂಡದಿಂದ ಬಂದು ನಮ್ಮ ಹೊಲಗಳಿಗೆ ಬೇಲಿಯಾದ ಗಿಡವಿದು. ಪಟ್ಟೆಗಳನ್ನು ನೀರಿನಲ್ಲಿ ನೆನೆಹಾಕಿ, ತಿರುಳು ಕೊಳೆತ ಮೇಲೆ ಬಡಿದು, ತೊಳೆದು, ಒಣಗಿಸಬೇಕು. ಹಸಿ ರಸ ತಾಗಿದರೆ ಮೈಯೆಲ್ಲ ನವೆ! ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡಿ, 8 ಎಳೆಗಳನ್ನು ಮೇಲೊಂದು ಕುಣಿಕೆಗೆ ಕಟ್ಟಿ, ಕೆಳಗೆ ಅಕ್ಕಪಕ್ಕದವನ್ನು ಗಂಟಿಕ್ಕುತ್ತ ಬಂದರೆ ಬಲೆಯಾಗುತ್ತದೆ. ಚನ್ನರಾಯಪಟ್ಟಣದ ಕಡೆಯ ತೆಂಗಿನ ನಾರೂ ಆದೀತು, ಆದರೆ ಒರಟು. ನೈಲಾನ್ ಗಂಟು ಜಾರುತ್ತದೆ.

ನಾನು ಹೆಣೆದ ಮೊದಲ ನೆಲುವು ಓರೆಯಾಗಿ ಕುಂಡವನ್ನೇ ಕೆಡವಿತು. ಅಜ್ಜಿಗೀಗ ಕಣ್ಣು ಮಂಜು. ಬೆರಳಿನಿಂದಲೇ ತಡವಿ, "ಎಳೆ ಒಂದೇ ಉದ್ದಕ್ಕಿಲ್ಲ, ಮಗಾ" ಎಂದರು. ಬಿಚ್ಚಿ ಮತ್ತೆ ಹೆಣೆಯುತ್ತಿದ್ದೇನೆ.