ಗೋಡೆಗೆ ಅಂಟಿಸಿದ ಚಲಿಸುವ ಚಿತ್ರ

ಗಣಕದ ಆಟವೊಂದರಲ್ಲಿ ಕೋಣೆಯ ಮೂಲೆಯ ಟಿ.ವಿ.ಯಲ್ಲಿ ಸಿನಿಮಾ ಓಡುವುದನ್ನು ನೀವು ನೋಡಿರಬಹುದು. ನಿಜಕ್ಕೂ ಅಲ್ಲಿ ಕೋಣೆಯೂ ಇಲ್ಲ, ಟಿ.ವಿ.ಯೂ ಇಲ್ಲ. ಇರುವುದು ನಾಲ್ಕು ಮೂಲೆಗಳ ಒಂದು ಆಕೃತಿ, ಅದರ ಮೇಲೆ ಭಿತ್ತಿಪತ್ರದಂತೆ ಅಂಟಿಸಿದ ಚಿತ್ರ. ಹೀಗೆ ಅಂಟಿಸುವ ಚಿತ್ರಕ್ಕೆ ಗ್ರಾಫಿಕ್ಸ್ ಪ್ರೋಗ್ರಾಮಿಂಗ್‌ನಲ್ಲಿ ‘ಟೆಕ್ಸ್ಚರ್’ ಎಂದು ಹೆಸರು. ಸೆಕೆಂಡಿಗೆ 25 ಬಾರಿ ಭಿತ್ತಿಪತ್ರವನ್ನು ಬದಲಿಸಿದರೆ ಚಿತ್ರ ಚಲಿಸುತ್ತದೆ.

ವಿಡಿಯೋ ಕಡತದಲ್ಲಿ ಚಿತ್ರಗಳು ಸಂಕುಚಿತ ರೂಪದಲ್ಲಿರುತ್ತವೆ. ಡಿಕೋಡರ್ ಅವನ್ನು ಬಿಡಿಸಿ ಒಂದೊಂದೇ ಫ್ರೇಮ್ ಕೊಡುತ್ತದೆ. ಅದನ್ನೇ ಅಂಟಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ತೊಡಕು ಇರುವುದು ಅಲ್ಲಿಯೇ. ಪರದೆಗೆ ಬೇಕಾದದ್ದು ಕೆಂಪು, ಹಸಿರು, ನೀಲಿ. ಡಿಕೋಡರ್ ಸಾಮಾನ್ಯವಾಗಿ ಕೊಡುವುದು ಬೇರೆ ಬಗೆಯ ಅಂಶಗಳನ್ನು: ಒಂದು ಬೆಳಕಿನ ಪ್ರಮಾಣ, ಉಳಿದೆರಡು ವರ್ಣದ ವ್ಯತ್ಯಾಸ.

ಈ ವಿಂಗಡಣೆ ದೂರದರ್ಶನದಿಂದಲೇ ಬಂದ ಬಳುವಳಿ. 1982ರಲ್ಲಿ ನಮ್ಮ ದೇಶದಲ್ಲಿ ಬಣ್ಣದ ಪ್ರಸಾರ ಆರಂಭವಾದಾಗ ಮನೆಗಳಲ್ಲಿದ್ದ ಕಪ್ಪು-ಬಿಳುಪು ಸೆಟ್ಟುಗಳು ನಿರುಪಯುಕ್ತವಾಗಲಿಲ್ಲ. ಅವು ಬೆಳಕಿನ ಅಂಶವನ್ನಷ್ಟೇ ತೆಗೆದುಕೊಂಡು ಚಿತ್ರ ತೋರಿಸಿದವು. ಇದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ಕಣ್ಣು ಬೆಳಕಿನ ಸೂಕ್ಷ್ಮವನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮವನ್ನು ಗುರುತಿಸಲಾರದು. ಆದ್ದರಿಂದ ನಾಲ್ಕು ಬಿಂದುಗಳಿಗೆ ಸೇರಿ ಒಂದೇ ಜೊತೆ ವರ್ಣಾಂಶ ಸಾಕಾಗುತ್ತದೆ. 1920×1080 ಬಿಂದುಗಳ ಫ್ರೇಮ್ 62,20,800 ಬೈಟ್‌ಗಳ ಬದಲು 31,10,400 ಬೈಟ್‌ಗಳಲ್ಲಿ ಅಡಗುತ್ತದೆ.

ಹಾಗಾಗಿ ಪ್ರೋಗ್ರಾಮು ಬರೆಯುವವರು ಮೂರು ಅಂಶಗಳನ್ನೂ ಬೇರೆ ಬೇರೆ ಟೆಕ್ಸ್ಚರ್‌ಗಳಾಗಿ ಗ್ರಾಫಿಕ್ಸ್ ಪ್ರೊಸೆಸರ್‌ಗೆ ಒಪ್ಪಿಸಬಹುದು. ಅಲ್ಲಿ ‘ಶೇಡರ್’ ಎಂಬ ಪುಟ್ಟ ಪ್ರೋಗ್ರಾಮು ಪ್ರತಿ ಬಿಂದುವಿಗೂ ಮೂರನ್ನೂ ಕೂಡಿಸಿ ಕೆಂಪು, ಹಸಿರು, ನೀಲಿಗಳನ್ನು ಲೆಕ್ಕ ಹಾಕುತ್ತದೆ. ಈ ಲೆಕ್ಕಕ್ಕೆ ಒಂದೇ ಸೂತ್ರವಿಲ್ಲ. ಹಳೆಯ ಸಾಮಾನ್ಯ ಟಿ.ವಿ. ಚಿತ್ರಗಳಿಗೆ 1982ರ ಬಿಟಿ.601, ಎಚ್.ಡಿ. ಚಿತ್ರಗಳಿಗೆ 1990ರ ಬಿಟಿ.709. ಎಚ್.ಡಿ. ಚಿತ್ರಕ್ಕೆ ಹಳೆಯ ಸೂತ್ರ ಹಚ್ಚಿದರೆ ಗಾಯಕಿಯ ಹಣೆಯ ಕುಂಕುಮ ಮಂಕಾಗುತ್ತದೆ, ಮೈಬಣ್ಣವೂ ಬದಲಾಗುತ್ತದೆ. ಟಿ.ವಿ. ಪದ್ಧತಿಯಲ್ಲಿ ಕಪ್ಪಿನ ಬೆಲೆ 16, ಬಿಳುಪಿನದು 235. ಅವನ್ನು 0 ಮತ್ತು 255 ಎಂದು ಭಾವಿಸಿದರೆ ಕಪ್ಪು ಬೂದಿಬಣ್ಣಕ್ಕೆ ತಿರುಗಿ ಇಡೀ ಚಿತ್ರ ಮಬ್ಬಾಗುತ್ತದೆ.

ಇನ್ನೊಂದು ತಪ್ಪು ಚಿತ್ರದ ಅಂಚಿನಲ್ಲಿ ಕಾಣಿಸುತ್ತದೆ. ಎಚ್.264 ಪದ್ಧತಿ ಚಿತ್ರವನ್ನು 16×16 ಬಿಂದುಗಳ ಚೌಕಗಳಾಗಿ ಒಡೆಯುತ್ತದೆ. 1080 ಎಂಬುದು 16ರಿಂದ ಭಾಗವಾಗದ ಕಾರಣ 1088 ಸಾಲುಗಳಾಗುತ್ತವೆ. ಹೆಚ್ಚುವರಿ 8 ಸಾಲುಗಳನ್ನು ಕತ್ತರಿಸಲು ಮರೆತರೆ ಕೆಳಗೆ ಬೇಡದ ಪಟ್ಟಿಯೊಂದು ಉಳಿಯುತ್ತದೆ. ಆ ಜಾಗದಲ್ಲಿ ಮೂರು ಅಂಶಗಳೂ ಸೊನ್ನೆಯಾಗಿದ್ದರೆ ಕಾಣುವುದು ಕಪ್ಪಲ್ಲ, ಹಸಿರು! ವರ್ಣಾಂಶದಲ್ಲಿ ‘ಬಣ್ಣವಿಲ್ಲ’ ಎಂಬುದರ ಬೆಲೆ ಸೊನ್ನೆಯಲ್ಲ, 128.

ಸಮಯವನ್ನೂ ಮರೆಯುವಂತಿಲ್ಲ. ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತಿದ್ದರೆ 25 ಫ್ರೇಮ್‌ಗಳಲ್ಲಿ ಕೆಲವನ್ನು ಎರಡು ಸಲ, ಕೆಲವನ್ನು ಮೂರು ಸಲ ತೋರಿಸಬೇಕು. ಧ್ವನಿಯ ಗಡಿಯಾರವನ್ನು ಅನುಸರಿಸಿ ಫ್ರೇಮ್ ಆರಿಸಿದರೆ ಮಾತಿಗೂ ತುಟಿಗೂ ಹೊಂದಾಣಿಕೆ ತಪ್ಪುವುದಿಲ್ಲ.

ಬೆಳಕು ಹೊಂದಿಸಿದವರು, ಪ್ರಸಾಧನ ಮಾಡಿದವರು, ಕ್ಯಾಮೆರಾ ಹಿಡಿದವರು ಎಲ್ಲರೂ ಪಟ್ಟ ಶ್ರಮ ಈ ಕೊನೆಯ ಲೆಕ್ಕದಲ್ಲಿ ಕೆಡಬಹುದು. ಇಂಥ ಪ್ರೋಗ್ರಾಮು ಬರೆಯುವ ಆಸಕ್ತಿ ನಿಮಗಿದ್ದರೆ ಮೊದಲು ನಮ್ಮ ಸ್ಟುಡಿಯೋಗಳ ಹಳೆಯ ಸಂಗಾತಿಯಾದ ಬಣ್ಣದ ಪಟ್ಟಿಗಳ ಪರೀಕ್ಷಾ ಚಿತ್ರವನ್ನು ಓಡಿಸಿ ನೋಡಿ. ಹಳದಿ ಪಟ್ಟಿಯಲ್ಲಿ ನೀಲಿ ಅಂಶ ಹೆಚ್ಚುಕಡಿಮೆ ಸೊನ್ನೆಯಿರಬೇಕು. ಇಲ್ಲವಾದರೆ ಸೂತ್ರವನ್ನು ಮತ್ತೊಮ್ಮೆ ಪರಿಶೀಲಿಸಿ.